ಕೆಂಪು ಗೆರೆ, ನೀಲಿ ಗೆರೆ

“ಅಯ್ಯಾ, ದಿನಾ ಸತ್ಯವೇದ ಓದೋ ಮನ್ಯಾಗ ಸಮಾಧಾನ ಇರಬೇಕಲ್ರಿ? ನಮ್ಮ ಮನ್ಯಾಗ ಯಾಕ ಇಲ್ಲ?” ಎಂದು ಜಯವಂತ ಕೇಳಿದ.

ಸಮುವೇಲಪ್ಪ ಉಪದೇಶಿಗಳು ಮೂವತ್ತು ವರ್ಷ ಚರ್ಚಿನ ಸಭೆಯವರಿಗೆ ಸತ್ಯವೇದದ, ಅಂದರೆ ಬೈಬಲಿನ, ಪಾಠ ಹೇಳಿದವರು. ಜಯವಂತ ಅವರ ಶಿಷ್ಯ. ಕಂಠಪಾಠದಲ್ಲಿ ಎತ್ತಿದ ಕೈ. ಮದುವೆಯಾಗಿ ಎರಡು ವರ್ಷವಾಗಿತ್ತು. ಪ್ರತಿ ಸಂಜೆಯ ಪ್ರಾರ್ಥನೆಯಲ್ಲಿ ಒಂದು ಅಧ್ಯಾಯ ಓದಿ, ಅದರಲ್ಲಿ ಹೆಂಡತಿ ಎಸ್ತೇರ ತಿದ್ದಿಕೊಳ್ಳಬೇಕಾದದ್ದು ಏನೇನಿದೆ ಎಂದು ಪೆನ್ಸಿಲಿನಿಂದ ಗುರುತು ಹಾಕಿ, ಅವಳಿಗೆ ಬಿಡಿಸಿ ಹೇಳುತ್ತಿದ್ದ. ಪಾಪ, ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಹದಿನೈದು ದಿನದಿಂದ ಆಕೆ ಪ್ರಾರ್ಥನೆಗೆ ಕೂರುವುದನ್ನೇ ಬಿಟ್ಟಿದ್ದಳು. ಇವನು ಹಾಡು ಎತ್ತಿದನೆಂದರೆ ಅವಳು ಕೊಡ ಎತ್ತಿಕೊಂಡು ನಲ್ಲಿಗೆ ನಡೆದುಬಿಡುತ್ತಿದ್ದಳು. ಕೊಡ ತುಂಬಿದ್ದರೆ ಇದ್ದ ನೀರನ್ನು ಚೆಲ್ಲಿಯಾದರೂ ಹೋಗುತ್ತಿದ್ದಳು.

“ಮಾತು ಬಿಟ್ಟಾಳ್ರಿ ಅಯ್ಯಾ. ಹಿಂಗಾದ್ರ ತವರಿಗೆ ಹೋಗಿಬಿಡ್ತಾಳೇನೋ ಅಂತ ಅಂಜಿಕಿ ಆಗೇತಿ. ಆಕಿ ಮನಸ್ಸಿಗೆ ನಾಟೋವಂಥಾ ವಚನ ಯಾವುದರ ಇದ್ರ ತೋರಿಸ್ರಿ,” ಎಂದ.

ಉಪದೇಶಿಗಳು ನಗಲಿಲ್ಲ, ಬೈಯಲೂ ಇಲ್ಲ. ಅವರೂ ಸಂಸಾರ ಮಾಡಿದವರೇ. ಹುಡುಗನ ಸೊರಗಿದ ಮುಖ ನೋಡಿ ಮರುಕವೂ ಬಂತು. ಒಂದು ಕತೆ ಹೇಳಿದರು.

ಒಬ್ಬ ಬಡಿಗನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ತಂದೆಯ ಕೆಲಸವನ್ನೇ ಕಲಿತಿದ್ದರು. ತಂದೆ ತೀರಿಕೊಂಡಾಗ ತಮ್ಮ ಪರವೂರಿನಲ್ಲಿ ದುಡಿಯುತ್ತಿದ್ದ. ಅಣ್ಣ ಅವನಿಗಾಗಿ ಕಾಯದೆ ಮಣ್ಣು ಮಾಡಿಬಿಟ್ಟ. ಮರುದಿನ ಓಡೋಡಿ ಬಂದ ತಮ್ಮನಿಗೆ ನೋಡಲು ಸಿಕ್ಕಿದ್ದು ಸಮಾಧಿಯ ಹಸಿಮಣ್ಣು ಮಾತ್ರ. ಒಂದು ದಿನ ಕಾಯಲಿಲ್ಲವಲ್ಲ ಎಂದು ತಮ್ಮ ಅತ್ತ. ಅಪ್ಪ ಮೂರು ತಿಂಗಳು ಹಾಸಿಗೆ ಹಿಡಿದಿದ್ದಾಗ ಎಲ್ಲಿದ್ದೆ ಎಂದು ಅಣ್ಣ ಕೇಳಿದ. ಇಬ್ಬರ ಮಾತೂ ಸುಳ್ಳಲ್ಲ. ಸುಳ್ಳಾಗಿದ್ದರೆ ಜಗಳ ಅಂದೇ ಮುಗಿಯುತ್ತಿತ್ತು. ಮುಗಿಯಲಿಲ್ಲ, ಮಾತು ನಿಂತುಹೋಯಿತು.

ಆಮೇಲೆ ಪಾಲಾಯಿತು. ಮನೆಯ ನಡುವೆ ಗೋಡೆ ಎದ್ದಿತು. ಉಳಿ, ಬಾಚಿ, ಗರಗಸ ಎಲ್ಲವನ್ನೂ ಹಂಚಿಕೊಂಡರು. ಮರದ ಮೇಲೆ ಗುರುತು ಹಾಕಲು ತಂದೆ ಇಟ್ಟುಕೊಂಡಿದ್ದ ಪೆನ್ಸಿಲ್ ಒಂದು ತುದಿಗೆ ಕೆಂಪು, ಇನ್ನೊಂದು ತುದಿಗೆ ನೀಲಿ. ಅದನ್ನೂ ಬಿಡಲಿಲ್ಲ. ನಡುವೆ ಕೊಯ್ದು ಕೆಂಪು ಅಣ್ಣನಿಗೆ, ನೀಲಿ ತಮ್ಮನಿಗೆ ಎಂದು ಮಾಡಿದರು. ತಂದೆಯ ಸತ್ಯವೇದ ಒಂದು ಉಳಿಯಿತು. ಅದನ್ನು ಕೊಯ್ಯಲು ಇಬ್ಬರಿಗೂ ಕೈ ಬರಲಿಲ್ಲ. ಕೊನೆಗೆ ಸಭೆಯ ಹಿರಿಯರೇ ತೀರ್ಮಾನ ಹೇಳಿದರು: ಒಂದು ವಾರ ಅಣ್ಣನ ಮನೆ, ಒಂದು ವಾರ ತಮ್ಮನ ಮನೆ, ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಪುಸ್ತಕ ಕೈ ಬದಲಾಗಬೇಕು. ಗೋಡೆಗೆ ಗೋಡೆ ತಾಗಿದ ಮನೆಯವರು ಪುಸ್ತಕ ಕೊಡಲು ಅರ್ಧ ಮೈಲಿ ನಡೆದು ಹೋಗುತ್ತಿದ್ದರು.

ಮೊದಲ ವಾರ ಅಣ್ಣ ಓದಲು ಕೂತಾಗ, ತಂದೆಯನ್ನು ಬಿಟ್ಟು ದೂರದೇಶಕ್ಕೆ ಹೋದ ಕಿರಿಯ ಮಗನ ಕತೆ ಬಂತು. ತಮ್ಮ ಇದನ್ನು ಓದಲಿ, ನಾಚಿಕೆಪಡಲಿ ಎಂದು ಅದರ ಕೆಳಗೆ ಕೆಂಪು ಗೆರೆ ಎಳೆದು ಕೊಟ್ಟ. ಪುಸ್ತಕ ತಿರುಗಿ ಬಂದಾಗ ನೋಡಿದರೆ, ಅದೇ ಕತೆಯ ಕೊನೆಯಲ್ಲಿ, ಮುನಿಸಿಕೊಂಡು ಮನೆಯೊಳಗೆ ಬಾರದೆ ನಿಂತ ಹಿರಿಯ ಮಗನ ಮಾತಿಗೆ ನೀಲಿ ಗೆರೆ ಬಿದ್ದಿತ್ತು. ಅಣ್ಣ ಹಲ್ಲು ಕಡಿದ. ಇನ್ನು ಮೇಲೆ ನೀಲಿ ಗೆರೆಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಹಟ ತೊಟ್ಟ.

ಹೀಗೆ ಆರು ವರ್ಷ ನಡೆಯಿತು. ಆ ಸಭೆಯಲ್ಲಿ ಅಣ್ಣನಷ್ಟು ಶ್ರದ್ಧೆಯಿಂದ ಸತ್ಯವೇದ ಓದಿದವರು ಇನ್ನೊಬ್ಬರಿರಲಿಲ್ಲ. ಸೋಮಾರಿಗೆ ಹೇಳಿದ್ದು, ಮೂಢನಿಗೆ ಹೇಳಿದ್ದು, ತಂದೆಯ ಮಾತು ಮೀರಿದವನಿಗೆ ಹೇಳಿದ್ದು, ಎಲ್ಲದರ ಕೆಳಗೂ ಕೆಂಪು. ಪೆನ್ಸಿಲ್ ತುಂಡು ಸವೆದರೆ ಅದೇ ಬಣ್ಣದ ಹೊಸದನ್ನು ತರುತ್ತಿದ್ದ. ತನ್ನ ಕಣ್ಣಿನ ತೊಲೆಯನ್ನು ಬಿಟ್ಟು ಸಹೋದರನ ಕಣ್ಣಿನ ರವೆಯನ್ನು ಹುಡುಕುವವನ ಮಾತು ಬಂದಾಗಲಂತೂ, ಇದು ತಮ್ಮನಿಗೇ ಹೇಳಿದ್ದು ಎಂದು ಹಿಗ್ಗಿಹೋದ. ಅಲ್ಲಿ ತಮ್ಮ ಆಗಲೇ ಗೆರೆ ಎಳೆದಾಗಿತ್ತು. ಅಣ್ಣ ಬಿಡಲಿಲ್ಲ, ಅದರ ಕೆಳಗೇ ತನ್ನದನ್ನೂ ಎಳೆದ.

ಅಷ್ಟರಲ್ಲಿ ತಮ್ಮನಿಗೆ ದೂರದ ಊರಿನಲ್ಲಿ ಕೆಲಸ ಗೊತ್ತಾಯಿತು. ಸೋಮವಾರ ಹೆಂಡತಿ ಮಕ್ಕಳ ಜೊತೆ ಊರು ಬಿಡುತ್ತಾನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲವಂತೆ ಎಂಬ ಸುದ್ದಿ ಅಣ್ಣನ ಕಿವಿಗೆ ಬಿತ್ತು. ಪುಸ್ತಕ ಆ ವಾರ ಅಣ್ಣನ ಮನೆಯಲ್ಲಿತ್ತು. ಭಾನುವಾರ ಕೈ ಬದಲಾದರೆ ಅದು ತಮ್ಮನ ಜೊತೆಗೇ ಹೋಗುತ್ತದೆ. ಕೊನೆಯದಾಗಿ ಒಂದು ಗೆರೆ ಎಳೆದು ಕಳಿಸಬೇಕು, ಸಾಯುವ ತನಕ ಅವನು ಅದನ್ನು ಮರೆಯಬಾರದು ಎಂದುಕೊಂಡು ಅಣ್ಣ ಶನಿವಾರ ಬೆಳಿಗ್ಗೆಯೇ ಪೆನ್ಸಿಲ್ ಹೆರೆದು ಕೂತ.

ಹಾಳೆ ಹಾಳೆ ಜಾಲಾಡಿದ. ಕಟುವಾದ ಮಾತುಗಳೆಲ್ಲ ಆಗಲೇ ಕೆಂಪಾಗಿದ್ದವು. ಹುಡುಕುತ್ತಾ ಹುಡುಕುತ್ತಾ ಮಧ್ಯಾಹ್ನದ ಹೊತ್ತಿಗೆ ಯಾಕೋಬ ಏಸಾವರ ಕತೆಗೆ ಬಂದ. ಅಣ್ಣ ಏಸಾವನಿಗೆ ಮೋಸ ಮಾಡಿ ಓಡಿಹೋದ ತಮ್ಮ ಯಾಕೋಬ. ಆ ಮೋಸದ ಭಾಗಕ್ಕೆಲ್ಲ ಮೊದಲೇ ಕೆಂಪು ಹಚ್ಚಿದ್ದ. ಎಷ್ಟೋ ವರ್ಷದ ಮೇಲೆ ಆ ತಮ್ಮ ಅಂಜುತ್ತಾ ಮರಳಿ ಬರುತ್ತಾನೆ, ಅಣ್ಣ ಓಡಿಬಂದು ತಬ್ಬಿಕೊಳ್ಳುತ್ತಾನೆ. ಆ ಹಾಳೆಯಲ್ಲಿ ತಮ್ಮನಿಗೆ ಬಾರಿಸುವಂಥದ್ದು ಏನೂ ಇಲ್ಲವೆಂದು ಇವನು ಪ್ರತಿ ಸಲ ಮಗುಚಿಬಿಡುತ್ತಿದ್ದ. ಅವತ್ತು ಬೇರೆ ದಾರಿ ಕಾಣದೆ ಓದಿದ. ಅಣ್ಣನ ಮುಖ ಕಂಡದ್ದು ದೇವರ ಮುಖವನ್ನೇ ಕಂಡಂತಾಯಿತು ಎಂದು ತಮ್ಮ ಹೇಳುವ ಮಾತು ಅಲ್ಲಿತ್ತು. ಅದರ ಕೆಳಗೆ ನೀಲಿ ಗೆರೆ. ಒಂದು ಸಲ ಎಳೆದದ್ದಲ್ಲ. ಗೆರೆಯ ಮೇಲೆ ಗೆರೆ ಎಳೆದೂ ಎಳೆದೂ ಕಾಗದ ಸವೆದು ಇನ್ನೇನು ತೂತು ಬೀಳುವಂತಿತ್ತು.

ಅಣ್ಣ ಚಪ್ಪಲಿ ಮೆಟ್ಟುವುದನ್ನೂ ಮರೆತು ಗೋಡೆಯಾಚೆಯ ಬಾಗಿಲಿಗೆ ಹೋದ. ತಮ್ಮ ಉಳಿ ಬಾಚಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ.

“ಆ ಗೆರಿ ಯಾವಾಗ ಹಾಕಿದಿ?” ಎಂದ ಅಣ್ಣ. ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಯಾವ ಗೆರೆ ಎಂದು ತಮ್ಮ ಕೇಳಲಿಲ್ಲ. “ಮೊದಲನೇ ವರ್ಷ,” ಎಂದ. “ನೀ ನೋಡಿಲ್ಲ ಅನ್ಕೊಂಡು ಪ್ರತಿ ಸಲ ಮತ್ತ ಹಾಕತಿದ್ದೆ.”

ಅಣ್ಣ ಹೊಸ್ತಿಲ ಮೇಲೆಯೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ತಮ್ಮ ಚೀಲ ಬಿಟ್ಟು ಬಂದು ಪಕ್ಕದಲ್ಲಿ ಕೂತ.

ಉಪದೇಶಿಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಜಯವಂತನ ಕಣ್ಣು ತೇವವಾಗಿತ್ತು.

“ಆಮ್ಯಾಲ ತಮ್ಮ ಊರು ಬಿಡಲಿಲ್ಲೇನ್ರಿ?” ಎಂದು ಕೇಳಿದ.

“ಬಿಟ್ಟ. ಕೆಲಸ ಒಪ್ಪಿಕೊಂಡಿದ್ದ, ಹೋಗಲಿಕ್ಕೇ ಬೇಕಿತ್ತು. ಚೀಲ ಹೊತ್ತುಕೊಂಡು ಅಣ್ಣನೂ ಬಸ್ ಸ್ಟ್ಯಾಂಡಿನ ತನಕ ಹೋದ. ಆ ಆರು ವರ್ಷ ಹೋದದ್ದು ಹೋತು ನೋಡು, ಅದನ್ನ ಯಾರೂ ತಿರುಗಿ ತರಲಿಕ್ಕೆ ಆಗಲಿಲ್ಲ.”

ಜಯವಂತ ಮುಖ ಒರೆಸಿಕೊಂಡ. ಸತ್ಯವೇದ ಬಿಚ್ಚಿ, ಜೇಬಿನಿಂದ ಪೆನ್ಸಿಲ್ ತೆಗೆದ. “ಯಾಕೋಬನ ಆ ಮಾತು ಎಷ್ಟನೇ ಅಧ್ಯಾಯದಾಗ ಬರತದ ಅಯ್ಯಾ? ಇವತ್ತ ಸಂಜಿಕ್ಕ ಎಸ್ತೇರಗ ಓದಿ, ತಿಳಿಯೋ ಹಂಗ ಬಿಡಿಸಿ ಹೇಳತೀನಿ.”

ಉಪದೇಶಿಗಳು ಅವನ ಕೈಯಲ್ಲಿದ್ದ ಸತ್ಯವೇದವನ್ನು ಮೆಲ್ಲಗೆ ಮುಚ್ಚಿದರು.

“ಇವತ್ತ ಸಂಜಿಕ್ಕ ಆ ಪೆನ್ಸಿಲ್ ಆಕಿ ಕೈಯಾಗ ಕೊಡು,” ಎಂದರು.