ತಿಂಗಳಿಗೊಂದು ಗಂಟು

ಹತ್ತಿರ ಬನ್ನಿ, ಹತ್ತಿರ ಬನ್ನಿ. ಷೇರು ಬಿದ್ದ ದಿನ ಎದೆ ಬಡ್ಕೊಂಡು ಮಾರಿದ ಬುದ್ಧಿವಂತರೆಲ್ಲ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಇದು ನಿಮಗೇ ಹೇಳೋ ಕತೆ. ಮಾರದೆ ಉಳಿದೋರು ಯಾರಾದರೂ ಇದ್ದರೆ ಹಿಂದೆ ಗೋಡೆಗೆ ಹಾಯಾಗಿ ಒರಗಿಕೊಳ್ಳಿ.

ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಬಸ್ ನಿಲ್ದಾಣದ ಮೂಲೆಯಲ್ಲಿ ಬೋಂಡ ಕರೀತಿದ್ದಳು. ಅವಳಿಗೊಬ್ಬ ಮಗ, ಮುದ್ದಯ್ಯ. ಆಳು ಆರಡಿ, ಎತ್ತಿನಂಥ ಮೈ, ಮನಸ್ಸು ಬೆಣ್ಣೆ. ತಲೆ ಮಾತ್ರ, ಏನು ಹೇಳಲಿ! ಹೇಳಿದ್ದು ಹೇಳಿದ ಹಾಗೇ ಮಾಡೋನು. "ನಾನು ಬರೋತನಕ ಬಾಣಲೆ ಬಿಟ್ಟು ಕದಲಬೇಡ ಕಣೋ" ಅಂದರೆ, ಮಳೆ ಸುರಿದು ಊರೆಲ್ಲ ಸೂರಿನ ಕೆಳಗೆ ಸೇರಿದರೂ ಇವನು ಬಾಣಲೆ ಮುಂದೆ ತೊಪ್ಪೆಯಾಗಿ ನಿಂತಿರೋನು. ಬಾಣಲೆ ತುಂಬ ನೀರು. ನೀರಲ್ಲಿ ಬೋಂಡ.

"ಶಿವನೇ, ನಾನು ಕಣ್ಮುಚ್ಚಿದ ಮೇಲೆ ಈ ಮಂಕನಿಗೆ ಒಂದು ತುತ್ತು ಹಾಕೋರು ಯಾರಪ್ಪ!" ಅಂತ ಚಿಕ್ಕತಾಯಮ್ಮ ದಿನಾ ಗೋಳಾಡೋಳು. ಅವಳಿಗೆ ಇದ್ದದ್ದು ಅದೊಂದೇ ಚಿಂತೆ. ಒಂದು ಒಳ್ಳೆ ಹೆಣ್ಣು ಈ ಮನೆಗೆ ಬಂದುಬಿಟ್ಟರೆ ಸಾಕು. ಆದರೆ ಇವನಿಗೆ ಹೆಣ್ಣು ಕೊಡೋರು ಯಾರು?

ಅದೇ ಊರಲ್ಲಿ ಷೇರು ತಮ್ಮೇಗೌಡರು ಅಂತ ಇದ್ದರು. ಜಗಲಿ ಮೇಲೆ ಕೂತು ಪೇಪರಲ್ಲಿ ಷೇರಿನ ಪುಟ ಓದೋದು, ದೊಡ್ಡ ದೊಡ್ಡ ಹೂಡಿಕೆದಾರರು ಹೇಗೆ ಕೊಂಡರು, ಹೇಗೆ ಹಂಚಿದರು, ಹೇಗೆ ಹಿಡಿದು ಕೂತರು ಅಂತ ಬಂದೋರಿಗೆಲ್ಲ ಉಪದೇಶ ಮಾಡೋದು. ಅವರಿಗೆ ಒಬ್ಬಳೇ ಮಗಳು, ಪುಟ್ಟಲಕ್ಷ್ಮಿ. ನೋಡೋಕೆ ಬಂದ ಗಂಡುಗಳಿಗೆಲ್ಲ ಗೌಡರದ್ದು ಒಂದೇ ಪ್ರಶ್ನೆ: "ಷೇರು ಅರ್ಧಕ್ಕೆ ಬಿದ್ದರೆ ಏನ್ಮಾಡ್ತೀಯ?"

"ಮಾರಿಬಿಡ್ತೀನಿ" ಅಂದ ಒಬ್ಬ.

"ಎದ್ದೋಗು!"

"ತಿರುಗಾ ಏರಿದ ಮೇಲೆ ಕೊಳ್ತೀನಿ" ಅಂದ ಇನ್ನೊಬ್ಬ.

"ನೀನೂ ಎದ್ದೋಗು!"

ಹೀಗೇ ಓದಿದೋರು, ಸಂಬಳದೋರು ಎಲ್ಲ ಎದ್ದುಹೋದರು. ಒಂದು ದಿನ ಗೌಡರು ಬೋಂಡ ತಿನ್ನುತ್ತಾ ತಮಾಷೆಗೆ ಮುದ್ದಯ್ಯನನ್ನೂ ಕೇಳಿದರು. "ಲೋ, ಷೇರು ಅರ್ಧಕ್ಕೆ ಬಿದ್ದರೆ ಏನೋ ಮಾಡ್ತೀಯ?"

"ನೀವು ಹೇಳ್ದಂಗೆ ಮಾಡ್ತೀನಿ, ಗೌಡ್ರೆ."

ಗೌಡರ ಬಾಯಿಗೆ ಹೋಗ್ತಿದ್ದ ಬೋಂಡ ಅಲ್ಲೇ ನಿಂತಿತು. "ಚಿಕ್ಕತಾಯಿ, ಇಂಥಾ ಹುಡುಗನ್ನೇ ಕಣಮ್ಮ ನಾನು ಹುಡುಕ್ತಿದ್ದದ್ದು! ಬುದ್ಧಿ ಇರೋರೆಲ್ಲ ಗಾಬರಿಬಿದ್ದು ಮಾರ್ತಾರೆ. ಇವನಿಗೆ ಗಾಬರಿ ಆಗೋದಕ್ಕೆ ಬುದ್ಧೀನೇ ಇಲ್ಲ. ಜಗಲಿಗೆ ಕಳಿಸು. ನಾಕು ಮಾತು ಕಲಿತರೆ ಮಗಳನ್ನ ಕೊಡ್ತೀನಿ."

ಚಿಕ್ಕತಾಯಮ್ಮ ಜಾಲರಿ ಸೌಟು ಬಿಸಾಕಿ ಕೈ ಮುಗಿದಳು. "ಲೋ ಮಗ, ಗೌಡರ ಮಾತು ದೇವರ ಮಾತು. ತಪ್ಪಬೇಡ ಕಣೋ."

"ಆಯ್ತವ್ವ, ಹೇಳ್ದಂಗೇ ಮಾಡ್ತೀನಿ."

ಮೊದಲನೇ ಪಾಠ. ಗೌಡರು ಅಂದರು, "ನೋಡು ಮುದ್ದಯ್ಯ, ಒಳ್ಳೇದನ್ನ ಹುಡುಕಿ ಕೊಳ್ಳಬೇಕು. ಕೊಂಡ ಮೇಲೆ ಎತ್ತಿಟ್ಟು ಮರೆತುಬಿಡಬೇಕು. ದಿನಾ ಇಣುಕಿ ನೋಡಬಾರದು. ತಾನಾಗೇ ಬೆಳೀತದೆ."

ಮನೆಗೆ ಬಂದರೆ ಅವ್ವ ಚೊಂಬು ಕೊಟ್ಟಳು. "ಹಾಲು ತಗೊಂಬಾರೋ, ಒಳ್ಳೇದು ನೋಡಿ ತಾ."

ತಂದ. ಒಳ್ಳೆ ಎಮ್ಮೆ ಹಾಲು. ಅಟ್ಟ ಹತ್ತಿ, ಮೂಲೆಗೆ ಸರಿಸಿ, ಮೇಲೊಂದು ಗೋಣಿಚೀಲ ಮುಚ್ಚಿ, ಮರೆತೇಬಿಟ್ಟ. ಹಾಲೆಲ್ಲೋ ಅಂದರೆ "ಯಾವ ಹಾಲು?" ಅನ್ನೋನು. ಪಾಪ, ಸುಳ್ಳಲ್ಲ, ನಿಜವಾಗ್ಲೂ ಮರೆತಿದ್ದ! ಕೊನೆಗೆ ವಾಸನೆಯೇ ಅಟ್ಟ ಇಳಿದು ಬಂತು. ಪಕ್ಕದ ಮನೆಯೋರು ಇಲಿ ಸತ್ತಿದೆ ಅಂತ ತಮ್ಮ ಮನೆಯೆಲ್ಲ ಗುಡಿಸಿದರು.

"ಅಯ್ಯೋ ಮುಂಡೇದೇ! ಹಾಲನ್ನ ಅಟ್ಟಕ್ಕಿಡ್ತಾರೇನೋ!"

"ಬೆಳೀತದೆ ಅಂದ್ರು ಗೌಡ್ರು."

"ಬೆಳೆದದೆ, ನೋಡು ಮೇಲೆ ಬೂಷ್ಟು! ಇಂಥದ್ದನ್ನ ದಿನಾ ತೆಗೆದು ನೋಡಬೇಕು, ಮೂಸಬೇಕು, ತಿಳೀತಾ?"

"ಆಯ್ತವ್ವ, ಹೇಳ್ದಂಗೇ ಮಾಡ್ತೀನಿ."

ಮರುದಿನ ಗೌಡರು ಹಿತ್ತಲಲ್ಲಿ ಅವರೆ ಬೀಜ ಹಾಕೋಕೆ ಹೇಳಿದರು. ಹಾಕಿದ. ಬೆಳಗಾದರೆ ಹೋಗಿ ಒಂದೊಂದೇ ಬೀಜ ಬಗೆದು ತೆಗೆಯೋನು, ಮೂಸೋನು, ಮತ್ತೆ ಹೂಳೋನು. ದಿನಾ ಅದೇ ಕೆಲಸ. ಪಾತಿಯಲ್ಲಿ ಒಂದೂ ಮೊಳಕೆ ಏಳಲಿಲ್ಲ. ಗೌಡರು ನೋಡಿ ತಲೆ ಚಚ್ಚಿಕೊಂಡರು.

"ಲೋ ಲೋ! ಬೇರು ಬಿಡೋ ಹೊತ್ತಲ್ಲಿ ಕಿತ್ತು ನೋಡಿದ್ರೆ ಬದುಕ್ತದೇನೋ?"

"ದಿನಾ ತೆಗೆದು ಮೂಸಬೇಕು ಅಂದ್ಲು ಅವ್ವ."

"ಅವ್ವಂದು ಅಲ್ಲಿರಲಿ. ನನ್ನ ಮಾತು ಕೇಳು. ಸಂತೇಲಿ ಜನ ಹೆದರಿ ದಿಕ್ಕಾಪಾಲಾಗಿ ಓಡ್ತಾರಲ್ಲ, ಆಗ ನೀನು ಓಡಬೇಡ. ಎದುರಿಗೆ ನುಗ್ಗು. ಒಳ್ಳೇದು ಅಗ್ಗಕ್ಕೆ ಸಿಗೋದು ಆವಾಗಲೇ."

ಅವರು ಹೇಳಿದ್ದು ಷೇರಿನ ಸಂತೆ. ಇವನು ಹೋದದ್ದು ಸೋಮವಾರದ ಸಂತೆ. ಅಲ್ಲಿ ಒಂದು ಹೋರಿ ಹಗ್ಗ ಕಿತ್ತುಕೊಂಡು ಬಾಲ ಎತ್ತಿ ಬಂತು. ಜನ ಚೆಲ್ಲಾಪಿಲ್ಲಿ! ಟೊಮ್ಯಾಟೊ ಒಂದು ಕಡೆ, ತಕ್ಕಡಿ ಒಂದು ಕಡೆ! ಮುದ್ದಯ್ಯನ ಮುಖ ಅರಳಿತು. ತೋಳು ಚಾಚಿಕೊಂಡು ಹೋರಿಯ ಎದುರಿಗೇ ನುಗ್ಗಿದ.

"ಇದರ ಯಜಮಾನರು ಯಾರು? ಎಷ್ಟಕ್ಕೆ ಕೊಡ್ತೀರಿ?"

ಯಜಮಾನ ಬೇವಿನ ಮರದ ಮೇಲಿದ್ದ. "ಸುಮ್ನೆ ತಗೊಂಡೋಗಪ್ಪ!" ಅಂತ ಅಲ್ಲಿಂದಲೇ ಕೂಗಿದ.

ಅಗ್ಗಕ್ಕೆ ಸಿಕ್ಕಿತು, ನಿಜ. ಆದರೆ ಹೋರಿಗೆ ಆ ವ್ಯಾಪಾರ ಒಪ್ಪಿಗೆ ಆಗಲಿಲ್ಲ. ಮುದ್ದಯ್ಯ ಈರುಳ್ಳಿ ರಾಶಿ ಮೇಲೆ ಬಿದ್ದ, ಅಲ್ಲಿಂದ ಹುಣಸೆಹಣ್ಣಿನ ಪುಟ್ಟಿಗೆ ಬಿದ್ದ, ಸಂಜೆಗೆ ಕುಂಟುತ್ತಾ ಮನೆಗೆ ಬಂದ. ಅವ್ವ ಬಿಸಿ ನೀರು ಕಾಯಿಸಿ, ಬೆನ್ನು ಉಜ್ಜಿ, ಉಜ್ಜಿದ ಬೆನ್ನಿಗೇ ಎರಡು ಗುದ್ದಿದಳು.

"ಎದುರಿಗಿರೋದು ಏನು ಎತ್ತ ಅಂತ ವಿಚಾರಿಸದೆ ನುಗ್ತಾರೇನೋ? ಹೆಂಗೆ ನಡೀತದೆ, ಸಾಲಸೋಲ ಅದಾ, ಆಡಳಿತ ಯಾರದು, ಎಲ್ಲ ಕೇಳ್ಕೊಂಡು ಆಮೇಲೆ ಮುಟ್ಟಬೇಕು. ನಿಮ್ಮಪ್ಪ ಈ ಬೋಂಡ ಅಂಗಡಿ ಕೊಂಡಾಗ ಹಂಗೇ ಮಾಡಿದ್ದು."

"ಆಯ್ತವ್ವ, ಹೇಳ್ದಂಗೇ ಮಾಡ್ತೀನಿ."

ಆ ವಾರವೇ ಹೆಣ್ಣು ನೋಡೋ ಶಾಸ್ತ್ರ. ಪುಟ್ಟಲಕ್ಷ್ಮಿ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟು ಚಾಪೆ ಮೇಲೆ ಕೂತಳು. "ಏನಾದ್ರೂ ಕೇಳೋದಿದ್ದರೆ ಕೇಳಪ್ಪ" ಅಂದರು ಗೌಡರು. ಮುದ್ದಯ್ಯ ಗಂಟಲು ಸರಿಮಾಡಿಕೊಂಡ.

"ನೀವು ಎಷ್ಟು ವರ್ಷದಿಂದ ನಡೀತಿದೀರಿ?"

ಹುಡುಗಿ ಕಣ್ಣು ಬಿಟ್ಟಳು. "ಹುಟ್ಟಿದಾಗಿಂದ."

"ಸಾಲ ಅದಾ?"

"ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೊಡಬೇಕು."

"ಆಡಳಿತ ಯಾರದು?"

ಪುಟ್ಟಲಕ್ಷ್ಮಿ ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ತಲೆ ಬಗ್ಗಿಸಿ ಮೆಲ್ಲಗೆ ಅಂದಳು: "ನಂದೇ."

"ಹಂಗಾದ್ರೆ ತಗೋಬಹುದು" ಅಂದ ಮುದ್ದಯ್ಯ.

ಚಿಕ್ಕತಾಯಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಗೌಡರು ತೊಡೆ ತಟ್ಟಿ ನಕ್ಕರು. "ಭಲೇ! ಆಡಳಿತ ವಿಚಾರಿಸಿದ ಮೊದಲನೇ ಗಂಡು ಇವನು! ನಿಶ್ಚಿತಾರ್ಥ ನಿಮ್ಮನೇಲೇ ಇಟ್ಕೊಳ್ಳಿ." ಹೋಗುವಾಗ ಹೆಗಲು ತಟ್ಟಿ ಇನ್ನೊಂದು ಪಾಠವನ್ನೂ ಹೇಳಿದರು. "ಇರೋದನ್ನೆಲ್ಲ ಒಂದೇ ಕಡೆ ಇಡಬೇಡ ಮುದ್ದಯ್ಯ. ದೊಡ್ಡೋರು ಹಂಗೇ ಕಣೋ ಕಟ್ಟೋದು. ಸಿಮೆಂಟಲ್ಲಿ ಒಂದಿಷ್ಟು, ಔಷಧೀಲಿ ಒಂದಿಷ್ಟು, ಬ್ಯಾಂಕಲ್ಲಿ ಒಂದಿಷ್ಟು. ಒಂದು ಕಡೆ ಮುಳುಗಿದರೂ ಇನ್ನೊಂದು ಕಡೆ ಉಳೀತದೆ."

ಅಯ್ಯೋ, ಇದನ್ನ ಯಾಕಾದರೂ ಹೇಳಿದರೋ!

ನಿಶ್ಚಿತಾರ್ಥದ ದಿನ ಚಿಕ್ಕತಾಯಮ್ಮ ಕೋಳಿ ಕೂಗೋಕೆ ಮುಂಚೆ ಎದ್ದು ಅಡುಗೆ ಮಾಡಿದಳು. ಅನ್ನ, ಅವರೆಕಾಳು ಸಾರು, ಪಾಯಸ, ಹಪ್ಪಳ. "ಜೋಪಾನ ಕಣೋ" ಅಂತ ಮಗನಿಗೆ ಹೇಳಿ ಹೂವು ತರೋಕೆ ಹೋದಳು. ಬಂದು ನೋಡಿದರೆ ಅಡುಗೆಮನೆ ಖಾಲಿ! ಬೀಗರು ಬಂದು ಎಲೆ ಮುಂದೆ ಕೂತುಬಿಟ್ಟಿದ್ದಾರೆ. ಎಲೆ ಮೇಲೆ ಉಪ್ಪು ಮಾತ್ರ.

"ಅಡುಗೆ ಎಲ್ಲೋ?"

"ಜೋಪಾನವಾಗಿದೆ ಅವ್ವ. ಅನ್ನ ಸಿಮೆಂಟ್ ಅಂಗಡೀಲಿ. ಸಾರು ಔಷಧಿ ಅಂಗಡೀಲಿ. ಪಾಯಸ ಬ್ಯಾಂಕಲ್ಲಿ."

"ಹಪ್ಪಳ?"

"ಹಪ್ಪಳ ಪೊಲೀಸ್ ಠಾಣೇಲಿ. ಮುರಿಯೋ ಸಾಮಾನು ನೋಡು, ಅದಕ್ಕೇ."

ಏನು ಮಾಡ್ತಾರೆ? ಬೀಗರೆಲ್ಲ ಎಲೆ ಹಿಡ್ಕೊಂಡು ಬೀದಿಗೆ ಇಳಿದರು. ಸಿಮೆಂಟ್ ಅಂಗಡೀಲಿ ಅನ್ನ ಹಾಕಿಸಿಕೊಂಡರು, ಧೂಳು ಊದಿದರು. ಔಷಧಿ ಅಂಗಡೀಲಿ ಸಾರು ಕೇಳಿದರೆ ಅಲ್ಲಿಯೋನು ಊಟಕ್ಕೆ ಮುಂಚೆಯೋ ಆಮೇಲೋ ಅಂದ. ಬ್ಯಾಂಕಿಗೆ ಹೋಗೋ ಹೊತ್ತಿಗೆ ಬಾಗಿಲು ಹಾಕಿತ್ತು, ಪಾಯಸ ಒಳಗೆ. ಠಾಣೆಗೆ ಹೋದರೆ ಪೇದೆ ಬಾಯಿ ಒರೆಸಿಕೊಳ್ಳುತ್ತಾ "ಯಾವ ಹಪ್ಪಳ?" ಅಂದ.

ಹುಡುಗಿಯ ಸೋದರಮಾವ ಎಲೆ ಬಿಸಾಕಿದ. "ಈ ಸಂಬಂಧ ಬೇಡ ಭಾವ!"

ಚಿಕ್ಕತಾಯಮ್ಮ ಗೌಡರ ಕಾಲಿಗೆ ಬಿದ್ದಳು. "ಇವನಿಗೆ ನಾನು ಬಿಟ್ಟರೆ ಯಾರೂ ಇಲ್ಲ ಗೌಡ್ರೆ. ದಡ್ಡ ಇರಬಹುದು, ಕೆಟ್ಟೋನಲ್ಲ."

ಗೌಡರು ಅವಳನ್ನ ಎಬ್ಬಿಸಿದರು. ಬೀದಿಯಲ್ಲೇ ತಾಂಬೂಲ ಬದಲಾಯಿಸಿಕೊಂಡರು. "ಎರಡು ತಿಂಗಳಿಗೆ ಮದುವೆ. ಆದರೆ ಇನ್ನೊಂದು ಎಡವಟ್ಟು ಆದರೆ ಮದುವೆ ಇಲ್ಲ" ಅಂದರು. ಆಮೇಲೆ ಅಳಿಯನ ಕಡೆ ತಿರುಗಿದರು. ಉಪದೇಶ ಮಾಡದೆ ಅವರ ಬಾಯಿ ನಿಲ್ಲಬೇಕಲ್ಲ! "ಹಂಚಿದ್ದು ಸರಿ ಕಣೋ. ಒಂದೇ ಸಲಕ್ಕೆ ಎಲ್ಲ ಸುರಿದದ್ದು ತಪ್ಪು. ತಿಂಗಳಿಗೊಂದಿಷ್ಟು, ತಿಂಗಳಿಗೊಂದಿಷ್ಟು. ಒಳ್ಳೆ ಗಳಿಗೆ ಬರಲಿ ಅಂತ ಕಾಯಬೇಡ, ಆ ಗಳಿಗೆ ಯಾವನಿಗೂ ಗೊತ್ತಾಗಲ್ಲ. ಒಂದು ತಿಂಗಳೂ ತಪ್ಪಿಸಬೇಡ."

"ಆಯ್ತು ಮಾವ, ಹೇಳ್ದಂಗೇ ಮಾಡ್ತೀನಿ."

ಮದುವೆ ದಿನ ಬಂತು. ಎರಡು ತಿಂಗಳು ಚಿಕ್ಕತಾಯಮ್ಮ ಮಗನನ್ನ ಮನೆಯಿಂದ ಆಚೆ ಬಿಟ್ಟಿರಲಿಲ್ಲ. ಧಾರೆ ಆಯಿತು. ಐನೋರು ತಾಳಿ ಕೊಟ್ಟರು. ಗಟ್ಟಿಮೇಳ! ಗಟ್ಟಿಮೇಳ! ಅಕ್ಷತೆ ಹಾರಿತು. ಮುದ್ದಯ್ಯ ಅರಿಶಿನದ ದಾರ ಹಿಡಿದು ಹುಡುಗಿಯ ಕೊರಳಿಗೆ ಒಂದು ಗಂಟು ಹಾಕಿದ. ಹಾಕಿ, ಕೈ ಒರೆಸಿಕೊಂಡು ಎದ್ದು ನಿಂತ.

"ಇನ್ನೆರಡು ಗಂಟು ಹಾಕಪ್ಪ!" ಅಂದರು ಐನೋರು.

"ಮುಂದಿನ ತಿಂಗಳು ಒಂದು. ಅದರ ಮುಂದಿನ ತಿಂಗಳು ಒಂದು."

ಓಲಗದೋರ ಉಸಿರು ಓಲಗದಲ್ಲೇ ನಿಂತಿತು.

"ಮುಹೂರ್ತ ಮೀರ್ತದಯ್ಯ!"

"ಗಳಿಗೆ ನೋಡ್ಕೊಂಡು ಕೂರಬೇಡ ಅಂತ ಮಾವನೋರೇ ಹೇಳವ್ರೆ. ಅಲ್ವಾ ಮಾವ?"

ಊರೆಲ್ಲ ಗೌಡರ ಕಡೆ ತಿರುಗಿತು. ಗೌಡರಿಗೆ ಹೌದು ಅನ್ನೋ ಹಾಗಿಲ್ಲ, ಇಲ್ಲ ಅನ್ನೋ ಹಾಗಿಲ್ಲ. ಹೌದು ಅಂದರೆ ಮಗಳ ಮದುವೆ ಕೆಡುತ್ತೆ. ಇಲ್ಲ ಅಂದರೆ ಜಗಲಿ ಮೇಲೆ ಕೂತು ಊರಿಗೆಲ್ಲ ಹೇಳಿದ ಮಾತೆಲ್ಲ ನೀರುಪಾಲು. ಮೀಸೆ ಕಚ್ಚಿಕೊಂಡು ನಿಂತರು. ಸೋದರಮಾವ ತೋಳೇರಿಸಿದ. ಚಿಕ್ಕತಾಯಮ್ಮ ಮಂಟಪದ ಕಂಬ ಹಿಡ್ಕೊಂಡು ಕುಸಿದಳು. "ಹೋಯ್ತು! ನನ್ನ ಮಗನ ಬದುಕು ಇಲ್ಲಿಗೆ ಹೋಯ್ತು!"

ಆಗ ಪುಟ್ಟಲಕ್ಷ್ಮಿ ತಲೆ ಎತ್ತಿದಳು. ಒಂದು ಕೈಯಲ್ಲಿ ತಾಳಿ ಹಿಡ್ಕೊಂಡು ಕೇಳಿದಳು, "ರೀ, ನಿಶ್ಚಿತಾರ್ಥ ಆಗಿ ಎಷ್ಟು ತಿಂಗಳಾಯ್ತು?"

"ಎರಡು."

"ಆ ಎರಡು ತಿಂಗಳ ಗಂಟು ಎಲ್ಲಿ?"

ಮುದ್ದಯ್ಯ ಬೆರಳು ಮಡಚಿ ಮಡಚಿ ಎಣಿಸಿದ.

"ಒಂದು ತಿಂಗಳೂ ತಪ್ಪಿಸಬೇಡ ಅಂದಿದ್ರಲ್ಲ ಅಪ್ಪ?"

"ಅಯ್ಯಯ್ಯೋ! ತಪ್ಪೇಹೋಯ್ತಲ್ಲ!" ಅಂತ ಮುದ್ದಯ್ಯ ಧಪ್ಪನೆ ಕೂತು, ಉಸಿರು ಕಟ್ಟಿಕೊಂಡು, ಒಂದರ ಮೇಲೊಂದು ಎರಡು ಗಂಟು ಬಿಗಿದ. ಬಾರಿಸಿ! ಬಾರಿಸಿ! ಓಲಗದೋರು ಎಚ್ಚರಾಗಿ ಊದಿದರು. ಚಿಕ್ಕತಾಯಮ್ಮ ಕಂಬ ಬಿಟ್ಟು ಸೊಸೆಯ ಗಲ್ಲ ಹಿಡಿದು ಅತ್ತಳು. "ಇನ್ನು ನಂಗೆ ಚಿಂತೆಯಿಲ್ಲ ಕಣವ್ವ. ಆಡಳಿತ ನಿಂದೇ."

ಕತೆ ಇಲ್ಲಿಗೆ ಮುಗೀತು ಅಂತ ಎದ್ದಿರಾ? ಕೂತ್ಕೊಳ್ಳಿ. ಅವನು ಮುದ್ದಯ್ಯ, ಮರೆತಿರಾ?

ತಿಂಗಳು ತುಂಬಿತು. ಬೆಳಗ್ಗೆ ಸೊಸೆ ಬೋಂಡದ ಹಿಟ್ಟು ಕಲಸ್ತಾ ಕೂತಿದ್ದಾಳೆ. ಮುದ್ದಯ್ಯ ಸ್ನಾನ ಮಾಡಿ, ವಿಭೂತಿ ಇಟ್ಕೊಂಡು ಬಂದು ಹಿಂದೆ ನಿಂತ.

"ಕೊರಳು ಬಗ್ಗಿಸು."

"ಯಾಕ್ರಿ?"

"ಈ ತಿಂಗಳ ಗಂಟು."

"ಮೂರೂ ಆಯ್ತಲ್ಲ!"

"ಎಲ್ಲಿಗೆ ನಿಲ್ಲಿಸಬೇಕು ಅಂತ ಮಾವ ಹೇಳಲೇ ಇಲ್ಲ."

ಹಾಕಿದ. ಮುಂದಿನ ತಿಂಗಳೂ ಹಾಕಿದ, ಅದರ ಮುಂದಿನ ತಿಂಗಳೂ ಹಾಕಿದ. ಮಳೆ ಬರಲಿ, ಹಬ್ಬ ಬರಲಿ, ಒಂದು ತಿಂಗಳು ತಪ್ಪಿಸಿದ್ದಿಲ್ಲ. ಎದೆ ಮೇಲಿದ್ದ ತಾಳಿ ಗಂಟಿಂದ ಗಂಟಿಗೆ ಮೇಲೇರುತ್ತಾ ಏರುತ್ತಾ ಪುಟ್ಟಲಕ್ಷ್ಮಿಯ ಗಂಟಲಿಗೆ ಬಂತು. ಅವಳು ತವರಿಗೆ ಹೋಗಿ ಜಗಲಿ ಮುಂದೆ ನಿಂತಳು.

"ಅಪ್ಪ, ಇದನ್ನ ಯಾವಾಗ ನಿಲ್ಲಿಸಬೇಕು ಅಂತ ನಿಮ್ಮ ಅಳಿಯನಿಗೆ ಒಂದು ಮಾತು ಹೇಳಿ."

ತಮ್ಮೇಗೌಡರು ಪೇಪರಿಂದ ತಲೆ ಎತ್ತಲಿಲ್ಲ. ಆವತ್ತು ಷೇರು ಬಿದ್ದಿತ್ತು, ಊರೆಲ್ಲ ಮಾರ್ತಿತ್ತು. "ನಿಲ್ಲಿಸಬಾರದು ಮಗ" ಅಂದರು. "ದಾರ ಉದ್ದ ಮಾಡ್ಕೋ."

ಅವಳು ಅಂಗಡಿಗೆ ಹೋಗಿ ಒಂದು ಉಂಡೆ ಅರಿಶಿನದ ದಾರ ತಂದು ಅಟ್ಟದ ಮೇಲೆ, ಆ ಹಾಲಿನ ಚೊಂಬಿದ್ದ ಜಾಗದಲ್ಲೇ ಇಟ್ಟಳು. ಈಗಲೂ ತಿಂಗಳಿಗೊಂದು ಸಲ ಆ ಉಂಡೆಯಿಂದ ಒಂದು ಗೇಣು ಕಡಿಮೆ ಆಗ್ತಾ ಇರುತ್ತೆ.