ಮಧ್ಯಾಹ್ನ ಮೆತ್ತಗಾಗುವ ಕ್ಲಚ್ಚು

"ಕೇಳಿರಪ್ಪೋ ಕೇಳಿ! ಅರಸು ಕೆಂಚರಾಯರ ಕಾರಿನ ಕ್ಲಚ್ಚು ನಡುಹಗಲಿನ ಬಿಸಿಲಿಗೆ ಮೆತ್ತಗಾಗಿ ಕುಸಿಯುತ್ತಿದೆ. ಅರಸರ ಮೂರು ಒಗಟು ಬಿಡಿಸಿ, ಕಾರನ್ನು ಅದೇ ಬಿಸಿಲಿನಲ್ಲಿ ಕೋಟೆಯ ದಿಬ್ಬ ಹತ್ತಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಬರುವ ಶುಕ್ರವಾರ ಡ್ರೈವರ್ ಗಡಿಗೆಪ್ಪನ ತಲೆಯ ಪಕ್ಕದಲ್ಲೇ ಉರುಳುವುದು!"

ಉರಿಗಲ್ಲು ಪಟ್ಟಣದ ಬೀದಿಯಲ್ಲಿ ಡಂಗುರ ಹೀಗೆ ಬಡಿದಾಗ, ಉಪ್ಪು ಮಾರುತ್ತಿದ್ದ ನಿಂಬವ್ವ ಬುಟ್ಟಿಯನ್ನು ಅಲ್ಲೇ ಕೆಳಗಿಟ್ಟಳು. ಗಡಿಗೆಪ್ಪ ಅವಳ ಅಪ್ಪ.

ನಡೆದದ್ದಿಷ್ಟು. ಪಕ್ಕದ ಸೀಮೆಯ ದೊರೆ ಬೀಗತನ ಮಾತಾಡಲು ಬಂದಿದ್ದ. ಕೆಂಚರಾಯ ಮೀಸೆ ತಿರುವಿ, ತಾನೇ ಕಾರು ನಡೆಸುತ್ತೇನೆಂದು ಕೂತ. ಸುಡುಬಿಸಿಲು. ದಿಬ್ಬದ ನಡುವೆ ಕ್ಲಚ್ಚು ಒತ್ತಿದರೆ ಅದು ಪುಸ್ಸನೆ ಕುಸಿದು ಮೇಲೇಳಲೇ ಇಲ್ಲ. ಗೇರು ಬೀಳಲಿಲ್ಲ. ಕೊನೆಗೆ ಎತ್ತು ಕಟ್ಟಿ ಕಾರನ್ನು ಎಳೆದರು. ಬೀಗನಾಗಬೇಕಾದವನು ಅಂಗವಸ್ತ್ರ ಬಾಯಿಗಿಟ್ಟುಕೊಂಡು ನಕ್ಕ. ಆ ನಗು ಕೆಂಚರಾಯನ ಎದೆಗೆ ಕೆಂಡದಂತೆ ಬಿತ್ತು. ಡ್ರೈವರೇ ಮೋಸ ಮಾಡಿದ ಅಂತ ಗಡಿಗೆಪ್ಪನನ್ನು ಸೆರೆಗೆ ನೂಕಿದ. ಒಗಟುಗಳ ಉತ್ತರ ಅರಸನಿಗೂ ಗೊತ್ತಿರಲಿಲ್ಲ, ಬಿಡಿ. ಅವನಿಗೆ ಗೊತ್ತಿದ್ದದ್ದು ಸಿಟ್ಟು ಮಾತ್ರ.

ಮೊದಲು ಒಬ್ಬ ಮಂತ್ರವಾದಿ ಬಂದ. "ಕಣ್ಣು ಬಿದ್ದೈತ್ರಿ ದೊರೆ," ಅಂತ ಕ್ಲಚ್ಚಿಗೆ ನಿಂಬೆಹಣ್ಣು ಕಟ್ಟಿದ. ಮಧ್ಯಾಹ್ನ ಕ್ಲಚ್ಚೂ ಕುಸಿಯಿತು, ನಿಂಬೆಹಣ್ಣೂ ಜಜ್ಜಿತು. ಅವನನ್ನು ಸೆರೆಗೆ ಎಳೆದರು.

ಆಮೇಲೆ ಪರವೂರಿನ ಮಿಸ್ತ್ರಿ. "ಪೈಪಿನಾಗ ಗಾಳಿ ಸೇರೈತಿ," ಅಂತ ಗಾಳಿ ತೆಗೆದ, ಅರಮನೆಯ ಉಗ್ರಾಣದ ಡಬ್ಬಿಯಿಂದಲೇ ಕ್ಲಚ್ ಆಯಿಲ್ ತುಂಬಿದ. ಬೆಳಿಗ್ಗೆ ಕ್ಲಚ್ಚು ಕಲ್ಲಿನಂತೆ ನಿಂತಿತು. ಜನ ಉಘೇ ಅಂದರು. ಹೊತ್ತು ನೆತ್ತಿಗೇರುತ್ತಲೇ ಮತ್ತೆ ಪುಸ್! ಮಿಸ್ತ್ರಿಯೂ ಒಳಗೆ.

ನಿಂಬವ್ವ ಸೆರೆಮನೆಯ ಕಿಟಕಿಗೆ ಹೋದಳು. ಅಪ್ಪ ಕಂಬಿ ಹಿಡಿದು ಹೇಳಿದ: "ಬ್ಯಾಡ ಮಗಳ. ಒಗಟು ಏನಂತ ಒಳಗ ಬಂದ ಮಿಸ್ತ್ರಿ ಹೇಳ್ಯಾನ. ಎರಡು ಬಿಡಿಸಬಹುದು. ಮೂರನೇದ್ದರ ಉತ್ತರ ಬಾಯಿಂದ ಬಿತ್ತಂದ್ರ ಶುಕ್ರವಾರದ ತನಕಾನೂ ಕಾಯಂಗಿಲ್ಲ ದೊರೆ."

"ಸುಮ್ಮನಿದ್ದರೂ ನಿನ್ನ ತಲಿ ಉಳಿಯಂಗಿಲ್ಲಲ್ಲಪ್ಪಾ," ಅಂದು ಅವಳು ನೇರ ಸಭೆಗೆ ನಡೆದಳು.

ಅರಸ ಅವಳ ಬುಟ್ಟಿ ನೋಡಿ ಗಹಗಹಿಸಿದ. "ಏ ಹುಡುಗಿ, ಉಪ್ಪು ಮಾರೂದು ಬಿಟ್ಟು ತಲಿ ಮಾರಾಕ ಬಂದೀಯೇನು? ಕೇಳು ಹಂಗಾರ. ಬೆಳಿಗ್ಗೆ ನನ್ನ ಪಾದವನ್ನ ತಡೆದು ನಿಲ್ಲುವ ಬಲ ಮಧ್ಯಾಹ್ನ ಇರಂಗಿಲ್ಲ, ಸಂಜೀಗೆ ತಿರುಗಿ ಬರತೈತಿ. ನಡುವೆ ಅದನ್ನ ನುಂಗೂದು ಏನು? ಇದು ಒಂದು. ಒಂದು ಹನಿ ಸೋರಿಲ್ಲ, ಕ್ಲಚ್ಚಿನ ಆಯಿಲ್ ಡಬ್ಬಿ ತುಂಬೇ ಐತಿ. ತುಂಬಿದ್ದರೊಳಗ ಆ ನುಂಗೂದು ಎಲ್ಲಿ ಅಡಗಿ ಕುಂತಿತ್ತು? ಇದು ಎರಡು. ಅದನ್ನ ಒಳಗ ಬಿಟ್ಟ ದ್ರೋಹಿ ಯಾರು? ಇದು ಮೂರು."

"ನುಂಗೂದು ಉಗಿ, ದೊರೆ. ಅಡಗಿದ್ದು ನೀರಿನಾಗ. ಮೂರನೇದ್ದು ದಿಬ್ಬ ಹತ್ತಿದ ಮ್ಯಾಲೆ ಹೇಳತೀನಿ."

"ಹತ್ತದಿದ್ದರ?"

"ಅಪ್ಪ, ಮಗಳು ಇಬ್ಬರದೂ ತಗೊಳ್ರಿ."

ನಿಂಬವ್ವ ಕಾರಿನಡಿ ತೂರಿದಳು. ಅಪ್ಪನ ಜೊತೆ ಅಲ್ಲಿ ಮಲಗಿ ಬೆಳೆದ ಹುಡುಗಿ ಅವಳು. ಪೇಟೆಯಿಂದ ಸೀಲು ಒಡೆಯದ ಹೊಸ ಡಬ್ಬಿ ತರಿಸಿದಳು. ಹಳೇ ಆಯಿಲನ್ನು ಒಂದು ತೊಟ್ಟೂ ಬಿಡದೆ ಬೋಗುಣಿಗೆ ಇಳಿಸಿ, ಹೊಸದು ತುಂಬಿದಳು. ಆಮೇಲೆ ಪೈಪಿನ ಗಾಳಿ ತೆಗೆಯುವಾಗ ಕ್ಲಚ್ಚು ತುಳಿಯಲು ಯಾರಾದರೂ ಬೇಕಲ್ಲ? ಕಾರಿನ ಸೀಟಿಗೆ ಬೇರೆಯವರನ್ನು ಕೂಡಿಸಲು ಅರಸ ಒಪ್ಪಲಿಲ್ಲ. ತಾನೇ ಕೂತ.

"ಒತ್ತ್ರಿ!" ಕೆಳಗಿನಿಂದ ದನಿ ಬಂತು. ನಟ್ಟು ಸಡಿಲಾಯಿತು, ಗುಳ್ಳೆ ಹೊರಬಂತು. "ಹಂಗ ಹಿಡೀರಿ!" ನಟ್ಟು ಬಿಗಿಯಾಯಿತು. "ಈಗ ಬಿಡ್ರಿ! ಮತ್ತ ಒತ್ತ್ರಿ!" ಗುಳ್ಳೆ ನಿಲ್ಲುವ ತನಕ ಉಪ್ಪಿನ ಹುಡುಗಿ ಅಂದಂತೆ ಅರಸ ತುಳಿದ. ಮಂತ್ರಿಗಳು ಆಕಾಶ ನೋಡುತ್ತ ನಿಂತರು. ಕೊನೆಗೆ ಅವಳು, ಕಾದ ಸೈಲೆನ್ಸರಿನ ಪಕ್ಕ ಹಾದಿದ್ದ ಪೈಪಿಗೆ ತಗಡಿನ ಮರೆ ಕಟ್ಟಿದಳು.

ನೆತ್ತಿ ಬಿಸಿಲಿಗೆ ಕಾರು ಹೊರಟಿತು. ದಿಬ್ಬದ ನಡುವೆ, ಮಾನ ಹೋದ ಅದೇ ಜಾಗದಲ್ಲಿ, ಅರಸ ಕ್ಲಚ್ಚು ಒತ್ತಿದ. ಅದು ಪಾದವನ್ನು ಗಟ್ಟಿಯಾಗಿ ಎದುರಿಸಿ ನಿಂತಿತು. ಗೇರು ಬಿತ್ತು. ಕಾರು ಗುಡುಗುಡು ಹತ್ತಿ ಕೋಟೆಯ ಮುಂದೆ ನಿಂತಿತು.

ಇಳಿದವನೇ ಕತ್ತಿಗೆ ಕೈಹಾಕಿದ. "ದ್ರೋಹಿ ಯಾರು? ಹೆಸರು ಹೇಳು!"

ನಿಂಬವ್ವ ಎರಡು ಸೌಟು ತರಿಸಿ, ಒಂದಕ್ಕೆ ಹೊಸ ಆಯಿಲು, ಒಂದಕ್ಕೆ ಹಳೇದು ಹಾಕಿ ಕೆಂಡದ ಮೇಲೆ ಹಿಡಿದಳು. ಹೊಸದು ತೆಪ್ಪಗಿತ್ತು. ಹಳೇದು ಬುಳುಬುಳು ಗುಳ್ಳೆಯೆದ್ದು ಕುದಿಯಿತು.

"ಮುಚ್ಚಳ ತೆಗೆದಿಟ್ಟ ಉಪ್ಪು ಗಾಳಿಯಾಗಿನ ನೀರು ಕುಡೀತೈತಲ್ರಿ, ಈ ಆಯಿಲೂ ಹಂಗ. ನೀರು ಹೊಕ್ಕರ ಬ್ಯಾರೆ ನಿಲ್ಲಂಗಿಲ್ಲ, ಬೆರೀತೈತಿ, ಕಣ್ಣಿಗೆ ಕಾಣಂಗಿಲ್ಲ. ಬಿಸಿಲಿಗೆ, ಇಂಜಿನ್ನಿನ ಕಾವಿಗೆ ಕುದ್ದು ಉಗಿ ಆಗತೈತಿ. ಆಯಿಲನ್ನ ಒತ್ತಿದರ ಅದು ಕುಗ್ಗಂಗಿಲ್ಲ, ಉಗಿ ಕುಗ್ಗತೈತಿ. ನಿಮ್ಮ ಪಾದದ ಬಲ ಅಲ್ಲೇ ಮುಗೀತು. ಸಂಜೀಗೆ ತಣ್ಣಗಾದರ ಉಗಿ ಮತ್ತ ನೀರು. ಮಿಸ್ತ್ರಿ ತುಂಬಿದ ಡಬ್ಬಿಯೊಳಗೂ ಅದ ನೀರಿತ್ತು." ಅವಳು ಅರಸನ ಕಡೆ ತಿರುಗಿದಳು. "ಆಯುಧಪೂಜೆ ದಿನ ಕಾರಿನ ಎಲ್ಲಾ ಮುಚ್ಚಳ, ಉಗ್ರಾಣದ ಎಲ್ಲಾ ಡಬ್ಬಿ ತೆಗೆಸಿ ತೀರ್ಥ ಹಾಕಿದವರು ಯಾರು ದೊರೆ? ಹೋದ ವರ್ಷ, ಅದರ ಹಿಂದಿನ ವರ್ಷ?"

ಅರಸ ತನ್ನ ಬಲಗೈಯನ್ನೇ ನೋಡಿಕೊಂಡ. ಕತ್ತಿ ಒರೆಯಿಂದ ಅರ್ಧ ಹೊರಗಿತ್ತು. ಕೆಂಡದ ಮೇಲೆ ಹಳೇ ಆಯಿಲು ಇನ್ನೂ ಬುಳುಗುಡುತ್ತಿತ್ತು. ಕತ್ತಿ ಮೆಲ್ಲಗೆ ಒಳಗೆ ಹೋಯಿತು.

"ಏನು ಬೇಕು, ಕೇಳು," ಅಂದ. ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ.

"ಅಪ್ಪನ್ನ ಬಿಡ್ರಿ. ಮಂತ್ರವಾದಿ, ಮಿಸ್ತ್ರಿ, ಅವರನ್ನೂ ಬಿಡ್ರಿ. ಕಾರಿನ ಕೀಲಿ ನನಗ ಕೊಡ್ರಿ."

ಕೊಟ್ಟ. ಮಾತು ಕೊಟ್ಟಿದ್ದನಲ್ಲ.

ಮುಂದಿನ ಆಯುಧಪೂಜೆಗೆ ಅರಸ ರೂಢಿಯಂತೆ ತೀರ್ಥದ ಉದ್ಧರಣೆ ಹಿಡಿದು ಕಾರಿನ ಬಳಿ ಬಂದ. ನಿಂಬವ್ವ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಕೆಂಚರಾಯ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ತೀರ್ಥವನ್ನು ತನ್ನ ಅಂಗೈಗೇ ಹಾಕಿಕೊಂಡು ಕುಡಿದ.

ಅವರ ಕಾರು ದಿಬ್ಬ ಹತ್ತಿತು, ನನ್ನ ಕತೆ ದಿಬ್ಬ ಇಳಿಯಿತು.