ಬೆಟ್ಟದಯ್ಯ ರಾಜನ ಅಜ್ಜನಾದದ್ದು

“ಗುರುಗಳೇ, ಪಾಳೆಯಗಾರರ ಮನೆಯವರು ನನ್ನಿಂದ ವಂಶಾವಳಿ ಬರೆಸುತ್ತಿದ್ದಾರೆ. ಸೂರ್ಯನಿಂದ ಇಳಿದು ಬರುವಾಗ ನಡುವೆ ಒಂದು ತಲೆಮಾರು ಸಿಗುತ್ತಿಲ್ಲ. ಊರವರ ಕತೆಯಿಂದ ಒಂದು ಹೆಸರು ಎತ್ತಿ ಸೇರಿಸಿದರೆ ಯಾರ ಗಂಟೇನು ಹೋಗುತ್ತದೆ?” ಎಂದು ಶಿಷ್ಯ ಕೇಳಿದ.

ಗುರುಗಳು ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕುಳಿತರು. “ಐರ್ಲೆಂಡಿನ ಏಳು ರಾಜರ ಪಂಕ್ತಿಯಲ್ಲಿ ಉಂಡವನು ನಾನು,” ಎಂದರು. ಮರುಗಳಿಗೆಗೇ, “ಸುಳ್ಳು. ಈ ತಾಲ್ಲೂಕಿನ ಗಡಿ ದಾಟಿದವನಲ್ಲ. ಆದರೂ ಕೇಳು,” ಎಂದು ಕತೆ ಹಿಡಿದರು.

ಸಾವಿರ ವರ್ಷದ ಹಿಂದೆ ಆ ದೇಶದಲ್ಲಿ ಒಬ್ಬ ದನಗಾಹಿ ಇದ್ದ. ಅವನ ಮಂದಿಗೆ ಒಂದು ಬೆಟ್ಟವೇ ಗೋಮಾಳ. ಬೆಟ್ಟದೊಳಗೆ ದೇವರಿದ್ದಾನೆಂದು ಮೊದಲ ಹಾಲನ್ನು ಅಲ್ಲಿನ ಕಲ್ಲಿಗೆ ಎರೆಯುತ್ತಿದ್ದರು. ನಮ್ಮಲ್ಲಾದರೆ ಬೆಟ್ಟದಯ್ಯ ಎನ್ನುತ್ತಿದ್ದೆವು. ಅವರೂ ಅಂಥದೇ ಏನೋ ಅನ್ನುತ್ತಿದ್ದರು.

ಅಲ್ಲಿಯ ರಾಜನಿಗೊಂದು ಹುಚ್ಚು. ಮಹಾಪ್ರಳಯದಲ್ಲಿ ದೋಣಿ ಕಟ್ಟಿ ಉಳಿದ ನೋಹನಿಂದಲೇ ತನ್ನ ವಂಶ ಇಳಿದು ಬಂತೆಂದು ಬರೆಸಬೇಕು. ಕ್ರೈಸ್ತ ಮಠದ ಸನ್ಯಾಸಿಯೊಬ್ಬ ಬರೆಯಲು ಕುಳಿತ. ಎಣಿಸಿದರೆ ಒಂದು ತಲೆಮಾರು ಕಡಿಮೆ ಬಿತ್ತು. ಅವನೋ ದೇವರು ಒಬ್ಬನೇ ಎಂದು ನಂಬಿದವನು. ಬೆಟ್ಟದಯ್ಯ ದೇವರಾಗಿರಲು ಸಾಧ್ಯವಿಲ್ಲ, ಹಿಂದಿನ ಯಾವನೋ ರಾಜನೇ ಇರಬೇಕು ಎಂದುಕೊಂಡ. ರಾಜನ ಮುತ್ತಜ್ಜನ ಮುತ್ತಜ್ಜನನ್ನಾಗಿ ಮಾಡಿ ಖಾಲಿ ಜಾಗದಲ್ಲಿ ಕೂರಿಸಿದ.

ಮರುವರ್ಷ ರಾಜನ ಆಳುಗಳು ಬಂದು ದನಗಳನ್ನು ಬೆಟ್ಟದಿಂದ ಇಳಿಸಿದರು. “ಇದು ನಮ್ಮ ದೊರೆಯ ಅಜ್ಜನ ಆಸ್ತಿ. ಪುಸ್ತಕದಲ್ಲಿದೆ,” ಎಂದರು.

ದನಗಾಹಿಗೆ ಮೈಯೆಲ್ಲ ಉರಿದುಹೋಯಿತು. ಮಠಕ್ಕೆ ನುಗ್ಗಿ ಪುಸ್ತಕದ ಹಾಳೆ ಮುಟ್ಟಿ ನೋಡಿದ. ಕರುವಿನ ಚರ್ಮ. ವರ್ಷ ವರ್ಷ ಮಠಕ್ಕೆ ಕರು ಒಪ್ಪಿಸುತ್ತಿದ್ದವರು ಅವನ ಮಂದಿಯೇ.

“ಕರು ನಮ್ಮದು, ದೇವರು ನಮ್ಮವನು, ಬೆಟ್ಟ ನಮ್ಮದು. ನಿಮ್ಮದು ಬರೀ ಮಸಿ!” ಎಂದ. “ನಾವು ದೇವರೆಂದರೆ ಸುಳ್ಳು, ರಾಜ ಅಜ್ಜನೆಂದರೆ ನಿಜವೋ ಸ್ವಾಮಿ?”

ಸನ್ಯಾಸಿಗೆ ನಾಚಿಕೆಯಾಯಿತು. ಆದರೆ ಆ ಹೆಸರು ಕೆರೆದು ತೆಗೆದರೆ ನೋಹನವರೆಗಿನ ದಾರಿಯೇ ಕಡಿದುಹೋಗುತ್ತದೆ. “ಸಿಟ್ಟಾಗಬೇಡಪ್ಪಾ, ಹಾಳೆಯ ಅಂಚಿನಲ್ಲಿ ಬರೆಯುತ್ತೇನೆ,” ಎಂದು, ಈ ಹೆಸರಿನ ವಿಷಯದಲ್ಲಿ ದನಗಾಹಿಗಳ ಮಾತೇ ಬೇರೆ ಎಂಬುದನ್ನು ಇರುವೆಯಂಥ ಅಕ್ಷರದಲ್ಲಿ ಬರೆದ.

“ಅಂಚಿನಲ್ಲಿ ನನ್ನ ದನ ಮೇಯುತ್ತವೆಯೇ?” ಎಂದು ದನಗಾಹಿ ಕೂಗಿದ.

ಮುಂದೆ ನಕಲು ಮಾಡಿದವರು ಅಂಚಿನ ಮಾತನ್ನು ಬಿಟ್ಟೇಬಿಟ್ಟರು. ಚರ್ಮ ಸಾಲಲಿಲ್ಲವಂತೆ. ದನಗಾಹಿಯ ಮಂದಿ ಜೌಗು ನೆಲಕ್ಕೆ ಇಳಿದು ಹೋದರು.

ಇಲ್ಲಿಗೆ ಕತೆ ನಿಲ್ಲಿಸಿದ ಗುರುಗಳ ದನಿ ಗಡುಸಾಗಿತ್ತು. “ನೀನು ಎತ್ತಿಕೊಳ್ಳಲಿರುವ ಹೆಸರಿಗೆ ಇವತ್ತು ಬೆಳಗ್ಗೆ ಯಾರು ಹಾಲೆರೆದು ಬಂದರು, ವಿಚಾರಿಸಿದೆಯಾ?”

ಶಿಷ್ಯ ತಲೆ ತಗ್ಗಿಸಿದ.

“ಉತ್ತರ ಕೊಡಲಾಗದಿದ್ದರೆ ಬೇಡ, ಚಹಾದ ಕಾಸಾದರೂ ಕೊಡು,” ಎಂದು ಗುರುಗಳು ಎದ್ದರು.